ಒಂದೇ ತುಂಡಿನ ಕುರ್ಚಿ: ಚಾರ್ಲ್ಸ್ ಈಮ್ಸ್ ಕಥೆ

ಬೆಂಗಳೂರಿನ ಯಾವುದಾದರೂ ಹೊಸ ಕೆಫೆಗೆ ಹೋಗಿ ಕುರ್ಚಿಗಳನ್ನು ಒಮ್ಮೆ ನೋಡಿ. ಬಟ್ಟಲಿನ ಹಾಗೆ ಬಾಗಿದ ಪ್ಲಾಸ್ಟಿಕ್ ಸೀಟು, ಕೆಳಗೆ ಓರೆಯಾಗಿ ನಿಂತ ನಾಲ್ಕು ಮರದ ಕಾಲು, ಕಾಲುಗಳ ನಡುವೆ ಕಪ್ಪು ಕಂಬಿಗಳ ಹೆಣಿಗೆ. ಬೆನ್ನಿಗೂ ಸೀಟಿಗೂ ನಡುವೆ ಜಾಯಿಂಟೇ ಇಲ್ಲ, ಎರಡೂ ಒಂದೇ ತುಂಡು. ಬಹುಪಾಲು ಅದು ನಕಲಿನ ನಕಲು. ಅಸಲು ಬಂದದ್ದು 1950ರಲ್ಲಿ, ಲಾಸ್ ಏಂಜಲೀಸ್‌ನ ಒಂದು ಸಣ್ಣ ಆಫೀಸಿನಿಂದ. ಅದಕ್ಕೂ ಮುಂಚೆ ಹತ್ತು ವರ್ಷ ಅದೇ ಕುರ್ಚಿ ಮಾಡಲು ಹೋಗಿ ಸೋತಿದ್ದರು. ಮಾಡಿದವರ ಹೆಸರು ಚಾರ್ಲ್ಸ್ ಈಮ್ಸ್ ಅಂತ ಎಲ್ಲ ಕಡೆ ಇರುತ್ತೆ. ಅವರೊಬ್ಬರೇ ಮಾಡಲಿಲ್ಲ ಅನ್ನೋದೂ ಈ ಕಥೆಯ ಭಾಗ.

ಚಾರ್ಲ್ಸ್ ಹುಟ್ಟಿದ್ದು 1907ರ ಜೂನ್ 17ರಂದು, ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರು. ಓದುತ್ತಲೇ ಹುಡುಗ ಒಂದು ಉಕ್ಕಿನ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ, ಅಲ್ಲೇ ಡ್ರಾಯಿಂಗ್ ಮೇಲೆ ಕೈ ಕೂತಿತು. ಅಪ್ಪನ ಹಳೇ ಫೋಟೋ ಸಾಮಾನು ಮನೆಯಲ್ಲಿ ಸಿಕ್ಕಿತ್ತು. ಗಾಜಿನ ಪ್ಲೇಟಿಗೆ ತಾನೇ ರಾಸಾಯನಿಕ ಬಳಿದು ಫೋಟೋ ತೆಗೆಯುವುದನ್ನು ಕಲಿತ. ಅಷ್ಟೊತ್ತಿಗಾಗಲೇ ಅಂಗಡಿಯಲ್ಲಿ ಫಿಲ್ಮ್ ರೋಲು ಸಿಗ್ತಿತ್ತು ಅಂತ ಅವನಿಗೆ ಗೊತ್ತಾಗಿದ್ದು ಬಹಳ ತಡವಾಗಿ ಅಂತ ಒಂದು ಕಥೆ ಇದೆ.

ಮುಂದೆ ಅದೇ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್‌ಗೆ ಸೇರಿದರು, ಆದರೆ ಡಿಗ್ರಿ ಮುಗಿಸಲಿಲ್ಲ. ಆಗಿನ ಹೊಸ ಅಲೆಯ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮೇಲಿನ ಅವರ ಅಭಿಮಾನ ಮೇಷ್ಟ್ರುಗಳಿಗೆ ಹಿಡಿಸಲಿಲ್ಲವಂತೆ. ಡ್ರಾಪ್‌ಔಟ್ ಆದರೆ ದೊಡ್ಡ ಮನುಷ್ಯ ಆಗಬಹುದು ಅಂತ ಯಾರೂ ಲೆಕ್ಕ ಹಾಕಬೇಡಿ, ಮುಂದಿನ ಹತ್ತು ವರ್ಷ ಅವರದ್ದು ಒದ್ದಾಟವೇ. 1929ರಲ್ಲಿ ಮದುವೆ, 1930ರಲ್ಲಿ ಸ್ವಂತ ಆಫೀಸು. ಆರ್ಥಿಕ ಕುಸಿತದ ಕಾಲ, ಮನೆ ಕಟ್ಟಿಸುವವರೇ ಇಲ್ಲ. ಜೇಬಿನಲ್ಲಿ ಹೆಚ್ಚು ಕಾಸಿಲ್ಲದೆ ಮೆಕ್ಸಿಕೋಗೆ ಹೋಗಿ ಕೆಲವು ತಿಂಗಳು ಅಲೆದು ಬಂದರು. ಬಂದ ಮೇಲೆ ಅರ್ಕಾನ್ಸಾಸ್‌ನಲ್ಲಿ ಕಟ್ಟಿದ ಒಂದು ಚರ್ಚು ಫಿನ್‌ಲ್ಯಾಂಡ್ ಮೂಲದ ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ಕಣ್ಣಿಗೆ ಬಿತ್ತು. 1938ರಲ್ಲಿ ಅವರು ಚಾರ್ಲ್ಸ್‌ರನ್ನು ಮಿಶಿಗನ್‌ನ ಕ್ರ್ಯಾನ್‌ಬ್ರೂಕ್ ಕಲಾಶಾಲೆಗೆ ಕರೆಸಿಕೊಂಡರು.

ಅಲ್ಲಿ ಇಬ್ಬರು ಸಿಕ್ಕರು. ಒಬ್ಬರು ಎಲಿಯೆಲ್ ಮಗ ಈರೋ ಸಾರಿನೆನ್. ಇನ್ನೊಬ್ಬರು ರೇ ಕೈಸರ್, 1912ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಹುಟ್ಟಿದವರು. ನ್ಯೂಯಾರ್ಕಿನಲ್ಲಿ ಹಾನ್ಸ್ ಹಾಫ್‌ಮನ್ ಹತ್ತಿರ ಚಿತ್ರಕಲೆ ಕಲಿತು ಬಂದಿದ್ದರು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಆಗ ಪೀಠೋಪಕರಣಗಳ ಸ್ಪರ್ಧೆಯೊಂದನ್ನು ನಡೆಸುತ್ತಿತ್ತು. ಚಾರ್ಲ್ಸ್ ಮತ್ತು ಈರೋ ಸೇರಿ ಒಂದು ಕುರ್ಚಿ ಕಳಿಸಿದರು. ಮೈಗೆ ಹೊಂದುವ ಹಾಗೆ ಬಾಗಿದ ಒಂದೇ ಪ್ಲೈವುಡ್ ಚಿಪ್ಪು. ಸ್ಪರ್ಧೆಗೆ ಡ್ರಾಯಿಂಗ್ ಸಿದ್ಧಪಡಿಸಲು ರೇ ಕೂಡ ಕೈಜೋಡಿಸಿದ್ದರು. ಮೊದಲ ಬಹುಮಾನ ಬಂತು. ಕುರ್ಚಿ ಮಾತ್ರ ಬರಲಿಲ್ಲ.

ಯಾಕೆ ಅಂತ ನಮ್ಮ ಮೆಕ್ಯಾನಿಕಲ್‌ನವರು ಆಗಲೇ ಊಹಿಸಿರಬಹುದು. ಪ್ಲೈವುಡ್ ಅಂದರೆ ತೆಳ್ಳಗಿನ ಮರದ ಹಾಳೆಗಳನ್ನು ಎಳೆ ಅಡ್ಡಡ್ಡ ಬರುವ ಹಾಗೆ ಒಂದರ ಮೇಲೊಂದು ಅಂಟಿಸಿದ್ದು. ಒಂದೇ ದಿಕ್ಕಿಗೆ ಬಗ್ಗಿಸಿದರೆ ಮಾತು ಕೇಳುತ್ತೆ. ಎರಡು ದಿಕ್ಕಿಗೆ ಒಟ್ಟಿಗೆ, ಅಂದರೆ ಬಟ್ಟಲಿನ ಹಾಗೆ ಬಗ್ಗಿಸಲು ಹೋದರೆ ಬಿರುಕು ಬಿಡುತ್ತೆ. ಕ್ರಿಕೆಟ್ ಬಾಲಿಗೆ ಗಿಫ್ಟ್ ಪೇಪರ್ ಸುತ್ತಿ ನೋಡಿ, ಪೇಪರ್ ಎಲ್ಲೋ ಒಂದು ಕಡೆ ಸುಕ್ಕಾಗಲೇಬೇಕು. ಪೇಪರ್ ಸುಕ್ಕಾಗುತ್ತೆ, ಮರ ಸೀಳುತ್ತೆ. ಬಹುಮಾನ ಪಡೆದ ಕುರ್ಚಿಗಳ ಬಿರುಕನ್ನು ಕುಶನ್ ಬಟ್ಟೆ ಹೊದಿಸಿ ಮುಚ್ಚಬೇಕಾಯಿತು. ಕಡಿಮೆ ಬೆಲೆಗೆ ಸಾವಿರಗಟ್ಟಲೆ ತಯಾರಿಸಬೇಕು ಅನ್ನೋ ಮೂಲ ಉದ್ದೇಶವೇ ಬಿದ್ದುಹೋಯಿತು.

1941ರಲ್ಲಿ ಚಾರ್ಲ್ಸ್‌ಗೆ ಮೊದಲ ಪತ್ನಿಯಿಂದ ವಿಚ್ಛೇದನವಾಯಿತು. ಅದೇ ಜೂನ್‌ನಲ್ಲಿ ರೇ ಜೊತೆ ಮದುವೆಯಾಗಿ ಇಬ್ಬರೂ ಲಾಸ್ ಏಂಜಲೀಸ್‌ಗೆ ಹೊರಟರು. ಹಗಲು ಚಾರ್ಲ್ಸ್‌ಗೆ ಎಂಜಿಎಂ ಸ್ಟುಡಿಯೋದಲ್ಲಿ ಸಿನಿಮಾ ಸೆಟ್ ಕೆಲಸ. ರಾತ್ರಿ ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಸೇರಿ ಯಂತ್ರ ಕಟ್ಟುತ್ತಿದ್ದರು. ಪ್ಲಾಸ್ಟರ್‌ನಲ್ಲಿ ಕುರ್ಚಿಯ ಆಕಾರದ ಅಚ್ಚು, ಅದರೊಳಗೆ ಕಾಯಿಸುವ ತಂತಿ. ಅಂಟು ಬಳಿದ ಮರದ ಹಾಳೆಗಳನ್ನು ಅಚ್ಚಿನಲ್ಲಿಟ್ಟು, ಮೇಲೆ ರಬ್ಬರ್ ಚೀಲ ಇಟ್ಟು, ಬಿಗಿಯಾಗಿ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು. ಚೀಲ ಉಬ್ಬಿ ಮರವನ್ನು ಅಚ್ಚಿಗೆ ಒತ್ತುತ್ತೆ, ಬಿಸಿಗೆ ಅಂಟು ಗಟ್ಟಿಯಾಗುತ್ತೆ. ಮಂತ್ರ ಹಾಕಿದ ಹಾಗೆ ಮರ ಬಾಗಿ ಹೊರಬರುತ್ತೆ ಅಂತ ಅದಕ್ಕೆ ಕಝಾಮ್ ಯಂತ್ರ ಅಂತ ಹೆಸರು. ಮನೆಯ ಕರೆಂಟು ಸಾಲದೆ ಚಾರ್ಲ್ಸ್ ಕಂಬ ಹತ್ತಿ ಟ್ರಾನ್ಸ್‌ಫಾರ್ಮರ್‌ನಿಂದಲೇ ವೈರ್ ಎಳೆದರಂತೆ. ಇದನ್ನು ಹಾಸ್ಟೆಲ್‌ನಲ್ಲಿ ಯಾರೂ ಪ್ರಯತ್ನಿಸಬೇಡಿ!

ಯಂತ್ರ ಓಡಿತು, ಆದರೆ ಒಂದೇ ತುಂಡಿನ ಕುರ್ಚಿ ಆಗಲೂ ಬರಲಿಲ್ಲ. ಅಷ್ಟರಲ್ಲಿ ಯುದ್ಧ ಬಂತು. ಗಾಯಾಳು ಸೈನಿಕರ ಕಾಲಿಗೆ ಕಟ್ಟುವ ಲೋಹದ ದಬ್ಬೆಗಳು ಸಾಗಿಸುವಾಗ ಅದುರಿ, ಗಾಯ ಇನ್ನಷ್ಟು ಹಾಳಾಗುತ್ತಿದೆ ಅಂತ ವೈದ್ಯ ಗೆಳೆಯರೊಬ್ಬರಿಂದ ತಿಳಿಯಿತು. ಕುರ್ಚಿಯನ್ನು ಬದಿಗಿಟ್ಟು ಪ್ಲೈವುಡ್ ದಬ್ಬೆ ಮಾಡಲು ಕೂತರು. ಚಾರ್ಲ್ಸ್ ತಮ್ಮದೇ ಕಾಲಿನ ಅಚ್ಚು ತೆಗೆದುಕೊಂಡರು. ಬಿರುಕು ಎಲ್ಲಿ ಬರುತ್ತದೋ ಅಲ್ಲಿ ಮರವನ್ನೇ ಕತ್ತರಿಸಿ ತೆಗೆದು ತೂತು, ಸೀಳು ಬಿಟ್ಟರು. ಟೈಲರ್ ಬಟ್ಟೆ ಮೈಗೆ ಕೂರಲಿ ಅಂತ ಡಾರ್ಟ್ ಹಿಡಿಯುತ್ತಾನಲ್ಲ, ಹಾಗೆ. ಮರದ ಮೇಲಿನ ಒತ್ತಡ ಇಳಿಯಿತು, ಅದೇ ತೂತುಗಳಲ್ಲಿ ಬ್ಯಾಂಡೇಜ್ ತೂರಿಸಿ ಕಟ್ಟಲೂ ಬಂತು. ಒಂದೇ ತೂತಿಗೆ ಎರಡು ಕೆಲಸ. ಅವರು ಮಾಡಿದ್ದರಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ಈ ದಬ್ಬೆಯೇ, ಕುರ್ಚಿ ಅಲ್ಲ. ಅಮೆರಿಕದ ನೌಕಾಪಡೆ ಮೊದಲು 5,000 ದಬ್ಬೆಗೆ ಆರ್ಡರ್ ಕೊಟ್ಟಿತು, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,50,000 ತಯಾರಾಗಿದ್ದವು.

ಯುದ್ಧ ಮುಗಿದ ಮೇಲೆ ಮತ್ತೆ ಕುರ್ಚಿ. ಈ ಸಲ ಹಟ ಬಿಟ್ಟರು. ಒಂದೇ ತುಂಡಾಗಲ್ಲ ಅಂದರೆ ಸರಿ, ಬೆನ್ನು ಬೇರೆ, ಸೀಟು ಬೇರೆ. ನಡುವೆ ಒಂದು ಬೆನ್ನೆಲುಬಿನಂಥ ಪಟ್ಟಿ, ಜೋಡಿಸುವಲ್ಲಿ ರಬ್ಬರ್ ಬಿಲ್ಲೆ. ಒರಗಿದರೆ ಬೆನ್ನು ನಮ್ಮ ಜೊತೆ ಸ್ವಲ್ಪ ಬಳುಕುತ್ತೆ. ಸೋತು ಒಪ್ಪಿಕೊಂಡ ಈ ರಾಜಿಯೇ ಅವರ ಅತಿ ಹೆಸರಾದ ಕುರ್ಚಿಯಾಯಿತು. 1999ರಲ್ಲಿ ಟೈಮ್ ಪತ್ರಿಕೆ ಅದನ್ನು ಶತಮಾನದ ಅತ್ಯುತ್ತಮ ವಿನ್ಯಾಸ ಅಂತ ಆರಿಸಿತು.

ಆದರೆ 1946ರಲ್ಲಿ ನಡೆದದ್ದನ್ನು ಮರೆಯುವ ಹಾಗಿಲ್ಲ. ಅದೇ ನ್ಯೂಯಾರ್ಕ್ ಮ್ಯೂಸಿಯಂ ಈ ಪೀಠೋಪಕರಣಗಳ ಪ್ರದರ್ಶನ ಇಟ್ಟಾಗ ವಿನ್ಯಾಸಕಾರ ಅಂತ ಹಾಕಿದ್ದು ಚಾರ್ಲ್ಸ್ ಹೆಸರೊಂದೇ. ರಾತ್ರಿಯೆಲ್ಲ ಪಂಪ್ ಹೊಡೆದ ರೇ ಹೆಸರಿಲ್ಲ. ವರ್ಕ್‌ಶಾಪಿನಲ್ಲಿ ಜೊತೆಗೆ ದುಡಿದ ಹ್ಯಾರಿ ಬರ್ಟೋಯಾ, ಹರ್ಬರ್ಟ್ ಮ್ಯಾಟರ್ ಹೆಸರೂ ಇಲ್ಲ. ಜೊತೆಯವರಿಗೆ ತುಂಬ ನೋವಾಯಿತು. ಬರ್ಟೋಯಾ ಆ ವರ್ಷವೇ ಬಿಟ್ಟು ಹೋದರು, ಮುಂದೆ ತಂತಿಯ ಕುರ್ಚಿಗಳಿಂದ ತಮ್ಮದೇ ಹೆಸರು ಮಾಡಿದರು. ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟಿನಲ್ಲಿ ಪ್ರೆಸೆಂಟೇಷನ್ ಕೊಟ್ಟವನಿಗೇ ಕ್ರೆಡಿಟ್ ಹೋಗುವುದನ್ನು ನಾವೂ ಪ್ರತಿ ಸೆಮಿಸ್ಟರ್ ನೋಡ್ತೀವಲ್ಲ. ಕಾಲವೇ ಹಾಗಿತ್ತು ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಹೆಂಡತಿಯ ವಿಷಯಕ್ಕೆ ಕಾಲವನ್ನು ದೂರಬಹುದೇನೋ, ಬರ್ಟೋಯಾ ವಿಷಯಕ್ಕೆ ಆ ಮಾತು ನಡೆಯಲ್ಲ.

ಒಂದೇ ತುಂಡಿನ ಆಸೆ ಮಾತ್ರ ಹೋಗಿರಲಿಲ್ಲ. 1948ರಲ್ಲಿ ಮ್ಯೂಸಿಯಂ ಕಡಿಮೆ ಬೆಲೆಯ ಪೀಠೋಪಕರಣಗಳಿಗೆ ಇನ್ನೊಂದು ಸ್ಪರ್ಧೆ ನಡೆಸಿದಾಗ ತಗಡನ್ನು ಪ್ರೆಸ್‌ನಲ್ಲಿ ಒತ್ತಿ ಮಾಡಿದ ಚಿಪ್ಪು ಕಳಿಸಿದರು. ಬಹುಮಾನ ಬಂತು, ಆದರೆ ತಗಡು ದುಬಾರಿ, ಮುಟ್ಟಿದರೆ ತಣ್ಣಗೆ. ಉತ್ತರ ಸಿಕ್ಕಿದ್ದು ಮತ್ತೆ ಯುದ್ಧದ ಸಾಮಾನಿನಲ್ಲಿ. ಝೆನಿತ್ ಪ್ಲಾಸ್ಟಿಕ್ಸ್ ಅನ್ನೋ ಕಂಪನಿ ಯುದ್ಧಕಾಲದಲ್ಲಿ ವಿಮಾನದ ರಾಡಾರ್ ಮುಚ್ಚುವ ಗುಮ್ಮಟಗಳನ್ನು ಫೈಬರ್‌ಗ್ಲಾಸ್‌ನಲ್ಲಿ ಮಾಡುತ್ತಿತ್ತು. ಗಾಜಿನ ಎಳೆಗೆ ಮರದ ಹಾಗೆ ದಿಕ್ಕಿನ ಹಂಗಿಲ್ಲ, ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ಒತ್ತಿದರೆ ಹೇಗೆ ಬೇಕಾದರೂ ಬಾಗುತ್ತೆ. 1950ರಲ್ಲಿ ಕುರ್ಚಿ ಮಾರುಕಟ್ಟೆಗೆ ಬಂತು. ಮೊದಮೊದಲ ಕುರ್ಚಿಗಳ ಅಂಚಿಗೆ ಬಲ ಬರಲಿ ಅಂತ ಒಳಗೆ ಹಗ್ಗ ಸೇರಿಸಿದ್ದರು. ಬಟ್ಟೆ ಹೊದಿಸಿ ಮುಚ್ಚುವ ಅಗತ್ಯವಿರಲಿಲ್ಲ, ಕುರ್ಚಿಯ ಮೈಯೇ ಹೊರಗೆ ಕಾಣುತ್ತಿತ್ತು.

ಇಷ್ಟರ ನಡುವೆ 1949ರಲ್ಲಿ ಸಮುದ್ರದ ಹತ್ತಿರ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ತಮಗಾಗಿ ಮನೆ ಕಟ್ಟಿಕೊಂಡರು. ಕಾರ್ಖಾನೆಗೆ ಬಳಸುವ ರೆಡಿಮೇಡ್ ಉಕ್ಕಿನ ಭಾಗಗಳು, ದೊಡ್ಡ ದೊಡ್ಡ ಗಾಜು. ಒಳಗೆ ಹೋದರೆ ಕಾರ್ಖಾನೆ ಅಲ್ಲವೇ ಅಲ್ಲ. ಊರೂರಿನ ಗೊಂಬೆ, ಕಪ್ಪೆಚಿಪ್ಪು, ಬೆಣಚುಕಲ್ಲು, ಗಾಳಿಪಟ, ಬುಟ್ಟಿ, ಬಟ್ಟೆ. ದಾರಿಯಲ್ಲಿ, ಸಂತೆಯಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಜೋಡಿಸುತ್ತಿದ್ದರು. ಬಣ್ಣ, ಜೋಡಣೆ ವಿಷಯದಲ್ಲಿ ರೇ ಕಣ್ಣು ಬಹಳ ಚುರುಕು.

ಅದೇ ಕಣ್ಣು ಇಂಡಿಯಾಕ್ಕೂ ಬಂತು. ಕೈಗಾರಿಕೀಕರಣದ ಭರದಲ್ಲಿ ನಮ್ಮ ಸಾಮಾನುಗಳ ಗುಣಮಟ್ಟ ಕುಸಿಯದಂತೆ ಏನು ಮಾಡಬೇಕು ಅಂತ ಭಾರತ ಸರ್ಕಾರ ಈಮ್ಸ್ ದಂಪತಿಯನ್ನು ಕರೆಸಿ ಕೇಳಿತು, ಖರ್ಚು ಫೋರ್ಡ್ ಫೌಂಡೇಷನ್‌ದು. ಕೆಲವು ತಿಂಗಳು ದೇಶ ಸುತ್ತಿ 1958ರ ಏಪ್ರಿಲ್‌ನಲ್ಲಿ ವರದಿ ಕೊಟ್ಟರು. ಸುತ್ತಿ ನೋಡಿದ್ದರಲ್ಲಿ ಅತಿ ಸುಂದರ ಅಂತ ಅವರು ಎತ್ತಿ ಹಿಡಿದದ್ದು ತಾಜಮಹಲನ್ನಲ್ಲ, ಲೋಟಾವನ್ನು. ಇಲ್ಲಿ ಸ್ವಲ್ಪ ನಿಲ್ಲಿ, ಹಿಂದಿಯ ಲೋಟಾ ನಮ್ಮ ಕಾಫಿ ಲೋಟ ಅಲ್ಲ, ಅದು ನಮ್ಮ ಚೊಂಬು, ತಂಬಿಗೆ. ಏನೂ ಗಿಟ್ಟದಿದ್ದಾಗ ಚೊಂಬು ಸಿಕ್ತು ಅಂತೀವಲ್ಲ, ಅದೇ ಚೊಂಬು!

ಅವರು ಅದನ್ನು ಹೊಗಳಿ ಬಿಟ್ಟುಬಿಡಲಿಲ್ಲ. ಒಬ್ಬ ವಿನ್ಯಾಸಕಾರ ಇವತ್ತು ಕೂತು ಚೊಂಬು ಮಾಡಬೇಕಾದರೆ ಏನೇನು ಯೋಚಿಸಬೇಕು ಅಂತ ಉದ್ದ ಪಟ್ಟಿ ಹಾಕಿದರು. ಎಷ್ಟು ನೀರು ಹಿಡಿಯಬೇಕು, ಹೊರುವವರ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ಗುರುತ್ವ ಕೇಂದ್ರ ಎಲ್ಲಿ, ಖಾಲಿ ಆದಾಗ ಎಲ್ಲಿ, ಬಗ್ಗಿಸಿದಾಗ ಧಾರೆ ಹೇಗೆ ಬೀಳುತ್ತೆ, ಒಳಗೆ ಕೈ ಹಾಕಿ ತೊಳೆಯಲು ಬರುತ್ತಾ, ಬಿಸಿಲು ಬಿದ್ದರೆ ಹೇಗೆ ಕಾಣುತ್ತೆ, ಬೇರೆ ಪಾತ್ರೆಗೆ ತಗುಲಿದರೆ ಯಾವ ಸದ್ದು, ಕೊನೆಗೆ ಗುಜರಿಗೆ ಹಾಕಿದರೆ ಎಷ್ಟು ಬರುತ್ತೆ. ಇಷ್ಟೆಲ್ಲ ಲೆಕ್ಕ ಒಬ್ಬರ ತಲೆಯಿಂದ ಬಂದದ್ದಲ್ಲ, ತಲೆಮಾರುಗಳಿಂದ ಹೆಸರಿಲ್ಲದ ಕಂಚುಗಾರರು, ಅದನ್ನು ಬಳಸಿದ ಹೆಂಗಸರು ಗಂಡಸರು ಸ್ವಲ್ಪ ಸ್ವಲ್ಪವೇ ತಿದ್ದಿದ್ದು ಅನ್ನೋದು ಅವರ ವಾದ. ಪ್ರದರ್ಶನದಲ್ಲಿ ತಮ್ಮೊಬ್ಬರ ಹೆಸರೇ ಇದ್ದದ್ದನ್ನು ಸಹಿಸಿದ ಮನುಷ್ಯ, ಯಾರ ಹೆಸರೂ ಇಲ್ಲದ ಪಾತ್ರೆಯ ಮುಂದೆ ತಲೆಬಾಗಿದ್ದು ನನಗೆ ವಿಚಿತ್ರವಾಗಿ ಕಾಣುತ್ತೆ.

ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಇವತ್ತು ನಮ್ಮಲ್ಲಿ ಬಿ.ಇ. ಮುಗಿಸಿ ಡಿಸೈನ್ ಕಡೆ ಹೋಗಬೇಕು ಅನ್ನುವವರು ಕನಸು ಕಾಣುವ ಅದೇ ಎನ್‌ಐಡಿ. ನೆಹರೂ ತೀರಿಕೊಂಡ ಮೇಲೆ ಅವರ ಬದುಕಿನ ಬಗ್ಗೆ ಈಮ್ಸ್ ಆಫೀಸು ಮತ್ತು ಎನ್‌ಐಡಿ ಸೇರಿ ಮಾಡಿದ ಪ್ರದರ್ಶನ 1965ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಯಿತು.

ಕೊನೆಯ ಇಪ್ಪತ್ತು ವರ್ಷ ಕುರ್ಚಿಗಿಂತ ಹೆಚ್ಚಾಗಿ ಅವರನ್ನು ಹಿಡಿದದ್ದು ಮಾಹಿತಿ. ಇಸಿ, ಸಿಎಸ್‌ನವರು ಇದನ್ನು ಗಮನಿಸಿ. ಕ್ಲಾಡ್ ಶ್ಯಾನನ್‌ರ ಸಂವಹನ ಸಿದ್ಧಾಂತವನ್ನು ಸಾಮಾನ್ಯರಿಗೆ ವಿವರಿಸುವ ಕಿರುಚಿತ್ರವನ್ನು 1953ರಲ್ಲೇ ಮಾಡಿದ್ದರು. ನಾಯ್ಸ್, ಚಾನೆಲ್, ಎಲ್ಲ ಅದರಲ್ಲಿದೆ. ಐಬಿಎಂ ಕಂಪನಿಗಾಗಿ ಕಂಪ್ಯೂಟರ್ ಬಗ್ಗೆ ಚಿತ್ರಗಳು, 1961ರಲ್ಲಿ ಮ್ಯಾಥಮ್ಯಾಟಿಕಾ ಅನ್ನೋ ಗಣಿತದ ಪ್ರದರ್ಶನ, 1971ರಲ್ಲಿ ಕಂಪ್ಯೂಟರ್ ಇತಿಹಾಸದ ಪ್ರದರ್ಶನ. 1959ರಲ್ಲಿ ಮಾಸ್ಕೋದಲ್ಲಿ ಏಳು ಪರದೆಗಳ ಮೇಲೆ ಅಮೆರಿಕದ ದಿನನಿತ್ಯದ ಚಿತ್ರಗಳನ್ನು ಒಟ್ಟಿಗೆ ತೋರಿಸಿದ್ದು ತಂತ್ರದ ದೃಷ್ಟಿಯಿಂದ ಅದ್ಭುತ, ಆದರೆ ಅದು ಸರ್ಕಾರದ ಪ್ರಚಾರ ಅನ್ನೋದೂ ನಿಜ.

1977ರ ಪವರ್ಸ್ ಆಫ್ ಟೆನ್ ಮಾತ್ರ ಬಿಡದೆ ನೋಡಿ, ಬರೀ ಒಂಬತ್ತು ನಿಮಿಷ. ಶಿಕಾಗೋದ ಸರೋವರದ ಪಕ್ಕ ಪಿಕ್ನಿಕ್‌ಗೆ ಬಂದು ಮಲಗಿದ ಒಬ್ಬನ ಮೇಲೆ ಒಂದು ಮೀಟರ್ ಅಗಲದ ಚೌಕಟ್ಟು. ಹತ್ತು ಸೆಕೆಂಡಿಗೊಮ್ಮೆ ಅಗಲ ಹತ್ತರಷ್ಟಾಗುತ್ತಾ ನಗರ, ಭೂಮಿ, ಸೌರಮಂಡಲ ದಾಟಿ 10ರ 24ನೇ ಘಾತದವರೆಗೆ ಹೋಗುತ್ತೆ. ಆಮೇಲೆ ವಾಪಸ್ ಬಂದು ಆತನ ಕೈಯ ಚರ್ಮದೊಳಗಿಂದ ಪರಮಾಣುವಿನ ಒಡಲಿಗೆ ಇಳಿಯುತ್ತೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದೆ, ಫೋಟೋ ಮತ್ತು ಪೇಂಟಿಂಗ್‌ಗಳನ್ನು ಒಂದರೊಳಗೊಂದು ಕೂರಿಸಿ ಮಾಡಿದ್ದು.

ಮರುವರ್ಷ, 1978ರ ಆಗಸ್ಟ್ 21ರಂದು, ಕೆಲಸದ ಮೇಲೆ ಹುಟ್ಟೂರು ಸೇಂಟ್ ಲೂಯಿಸ್‌ಗೆ ಹೋಗಿದ್ದ ಚಾರ್ಲ್ಸ್ ಹೃದಯಾಘಾತದಿಂದ ತೀರಿಕೊಂಡರು. ರೇ ಹೊಸ ಕುರ್ಚಿಗಳ ಹಿಂದೆ ಹೋಗದೆ, ಆಫೀಸಿನಲ್ಲಿದ್ದ ರಾಶಿಗಟ್ಟಲೆ ಫೋಟೋ, ಡ್ರಾಯಿಂಗ್, ಪತ್ರಗಳನ್ನು ವಿಂಗಡಿಸುತ್ತಾ ಕೂತರು. ಅವು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ರೇ ತೀರಿಕೊಂಡಿದ್ದು 1988ರ ಆಗಸ್ಟ್ 21ರಂದು, ಸರಿಯಾಗಿ ಹತ್ತು ವರ್ಷಕ್ಕೆ. ಹಳೆಯ ಸಹೋದ್ಯೋಗಿಗಳ ಜೊತೆ ಅವರು ಸಿದ್ಧಪಡಿಸಿದ, ಆಫೀಸಿನ ಅಷ್ಟೂ ಕೆಲಸದ ದಾಖಲೆಯ ದಪ್ಪ ಪುಸ್ತಕ ಅಚ್ಚಾಗಿ ಬಂದದ್ದು 1989ರಲ್ಲಿ. ಅದರ ಶೀರ್ಷಿಕೆಯಲ್ಲಿ ಇಬ್ಬರ ಹೆಸರೂ ಇದೆ.