ಕಟ್ಟುವುದಕ್ಕೆ ಮೊದಲು, ಕಟ್ಟಿದ ಮೇಲೆ: ವಿಶ್ವೇಶ್ವರಯ್ಯನವರ ಕೆಲಸದ ಬದುಕು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಪೋಷಕರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಮಗನನ್ನೋ ಮಗಳನ್ನೋ ಸಿವಿಲ್ ಓದಿಸಿದರೆ ಮುಂದೆ ಏನು? ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಸಿವಿಲ್ ಎಂದರೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಿಸಿಲಿನಲ್ಲಿ ನಿಂತು ಮೇಸ್ತ್ರಿಯ ಕೆಲಸದ ಮೇಲೆ ಕಣ್ಣಿಡುವುದು. ಇನ್ನು ಕೆಲವರಿಗೆ ಸಿವಿಲ್ ಎಂದರೆ ವಿಶ್ವೇಶ್ವರಯ್ಯ, ವಿಶ್ವೇಶ್ವರಯ್ಯ ಎಂದರೆ ಕನ್ನಂಬಾಡಿ ಕಟ್ಟೆ, ಅಲ್ಲಿಗೆ ಮುಗಿಯಿತು. ಶಾಲೆಯ ಗೋಡೆಯ ಮೇಲೆ ಮೈಸೂರು ಪೇಟ ಧರಿಸಿ ಕುಳಿತಿರುವ ಆ ಪಟವನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅವರು ಯಾವ ವಯಸ್ಸಿನಲ್ಲಿ ಯಾವ ಕೆಲಸ ಮಾಡಿದರು, ಒಂದು ಕಾಮಗಾರಿಯ ಯಾವ ಹಂತದಲ್ಲಿ ನಿಂತಿದ್ದರು ಎಂದು ಕೇಳಿದರೆ ನಮಗೆ ಉತ್ತರ ತಿಳಿಯದು. ಆ ಕಣ್ಣಿನಿಂದ ಅವರ ಬದುಕನ್ನು ಒಮ್ಮೆ ನೋಡಿ. ರೈಲಿನ ಹಳಿ ಬಿರುಕು ಬಿಟ್ಟ ಕಥೆ, ಎರಡು ಮೇಣದ ಬತ್ತಿಯ ಕಥೆ ಮಕ್ಕಳಿಗೆ ಬಾಯಿಪಾಠವಾಗಿವೆ; ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಊರು; ಹಿರಿಯರು ಅಲ್ಲಿಂದ ಬಂದವರು, ಮನೆಮಾತು ತೆಲುಗು. ಗಡಿಯ ಮನೆಗಳಲ್ಲಿ ಒಳಗೊಂದು ಮಾತು, ಬೀದಿಯಲ್ಲೊಂದು ಮಾತು, ಕಚೇರಿಯಲ್ಲಿ ಮತ್ತೊಂದು ಮಾತು ಇರುವುದು ನಿಮಗೆ ಹೊಸದಲ್ಲ. ಅವರ ಮನೆಯಲ್ಲೂ ಹಾಗೆಯೇ ಇತ್ತು. ಮನೆಯಲ್ಲಿ ತೆಲುಗು, ಊರಿನಲ್ಲಿ ಕನ್ನಡ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು, ಉದ್ಯೋಗದ ನೆಲದಲ್ಲಿ ಮರಾಠಿ.

ಚಿಕ್ಕವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಖರ್ಚಿಗಾಗಿ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಮುಗಿಯಿತು, ಪದವಿ ಕೊಟ್ಟದ್ದು ಮದ್ರಾಸ್ ವಿಶ್ವವಿದ್ಯಾಲಯ. ಅಲ್ಲಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಇಂಜಿನಿಯರಿಂಗ್ ಓದಲು ಹೋಗುವುದಕ್ಕೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಬೇಕಾಯಿತು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್.

ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ದೊಡ್ಡ ಕೆಲಸ ಖಾನದೇಶದಲ್ಲಿ. ಪಾಂಜರಾ ನದಿಯ ಕಣಿವೆಯಲ್ಲಿ ಒಂದು ಹಳ್ಳದ ಅಡಿಯಿಂದ ಕೊಳವೆ ಹಾಯಿಸಿ ನೀರನ್ನು ಆಚೆ ದಡಕ್ಕೆ ಏರಿಸಬೇಕಿತ್ತು. ಮಳೆಗಾಲ ಬೇರೆ. ಮರಳು ಕುಸಿಯುತ್ತಿತ್ತು, ತೋಡಿದ ಗುಂಡಿ ಮತ್ತೆ ತುಂಬುತ್ತಿತ್ತು. ಮಳೆ ಕಳೆಯುವವರೆಗೆ ಕೆಲಸ ನಿಲ್ಲಿಸೋಣ ಎಂದು ಹುಡುಗ ಇಂಜಿನಿಯರ್ ಮೇಲಧಿಕಾರಿಗೆ ಬರೆದ. ಶಿಸ್ತು ಸಾಲದು ಎಂಬ ಧಾಟಿಯ ಉತ್ತರ ಬಂತು. ಮರುಮಾತಾಡದೆ ಮಳೆಯಲ್ಲೇ ಕೆಲಸ ಹಿಡಿದರು, ಮುಗಿಸಿದರು. ನಡುವೆ ಪ್ರವಾಹ ಬಂದು ನದಿಯ ಆಚೆ ಸಿಕ್ಕಿಬಿದ್ದದ್ದೂ ಉಂಟು. ಸೈಟಿನ ಕೆಲಸ ಎಂದರೆ ಇದು. ಕಾಗದದ ಮೇಲಿನ ಗೆರೆಯನ್ನು ಮಣ್ಣಿನಲ್ಲಿ ಎಳೆಯಬೇಕು. ಮಣ್ಣು ಮಾತು ಕೇಳುವುದಿಲ್ಲ, ಮೇಲಿನವರೂ ಕೇಳುವುದಿಲ್ಲ. ಇಂದು ಡಿಪ್ಲೊಮಾ ಮುಗಿಸಿ ಸೇತುವೆಯ ಕೆಲಸಕ್ಕೋ ರಸ್ತೆಯ ಕೆಲಸಕ್ಕೋ ಸೇರುವ ಹುಡುಗ ಮೊದಲ ವರ್ಷದಲ್ಲೇ ಕಲಿಯುವುದು ಇದನ್ನೇ.

ಹತ್ತು ವರ್ಷದ ನಂತರ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರ್‌ಗೆ ಕಳುಹಿಸಿದರು. ಈಗ ಅದು ಪಾಕಿಸ್ತಾನದಲ್ಲಿದೆ. ಸಿಂಧೂ ನದಿ ಊರಿನ ಪಕ್ಕದಲ್ಲೇ ಹರಿಯುತ್ತದೆ, ಆದರೆ ನೀರು ಕೆಸರು. ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿ ಸೋಸಿಕೊಂಡು ಬರುವ ನೀರನ್ನು ಅಲ್ಲಿಂದ ಪಂಪ್ ಮಾಡಿ ಗುಡ್ಡದ ಮೇಲಿನ ತೊಟ್ಟಿಗೆ ಏರಿಸುವ ಯೋಜನೆ ಮಾಡಿದರು. 1895ರಲ್ಲಿ ಊರಿಗೆ ನೀರು ಬಂತು. ಇದು ವಿನ್ಯಾಸದ ಕೆಲಸ. ವಿನ್ಯಾಸ ಎಂದರೆ ಚೆಂದದ ನಕ್ಷೆ ಎಂದು ತಿಳಿಯಬೇಡಿ. ಊರಿನ ಚೀಲದಲ್ಲಿ ಎಷ್ಟಿದೆ, ಅಲ್ಲಿನ ಮರಳು ಎಂಥದು, ನೀರು ಯಾವ ಕಾಲದಲ್ಲಿ ಎಷ್ಟು ಇಳಿಯುತ್ತದೆ ಎಂಬುದನ್ನೆಲ್ಲ ಸೇರಿಸಿ ಹಾಕುವ ಲೆಕ್ಕ ಅದು. ಲೆಕ್ಕದಲ್ಲಿ ಒಲವಿದ್ದು ಮಾತು ಕಡಿಮೆ ಇರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಈ ಮೇಜು ಅವರದು.

ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ಸಿಕ್ಕಿದ್ದು ಬೇರೆ ತರಹದ ತೊಡಕು. ಅಲ್ಲಿ ಅಣೆಕಟ್ಟು ಆಗಲೇ ಇತ್ತು. ಪ್ರತಿ ಮಳೆಗಾಲ ಕೋಡಿಯ ಮೇಲೆ ಆಳೆತ್ತರ ನೀರು ಹಾದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ಪುಣೆಗೂ ಕಾಲುವೆಗೂ ಸಾಲುತ್ತಿರಲಿಲ್ಲ. ಕಟ್ಟೆಯನ್ನು ಎತ್ತರಿಸಿದರೆ ಖರ್ಚು, ಹಳೆಯ ಗೋಡೆಗೆ ಅಪಾಯ. ಅವರು ಕೋಡಿಯ ಮೇಲೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಕೂರಿಸಿದರು. ಒಂದು ತೊಟ್ಟಿಯಲ್ಲಿ ಭಾರದ ಗುಂಡು ತೂಗುತ್ತಾ ಬಾಗಿಲುಗಳನ್ನು ಹಿಡಿದಿರುತ್ತದೆ. ಜಲಾಶಯ ತುಂಬಿ ಗೊತ್ತಾದ ಮಟ್ಟ ಮುಟ್ಟಿದಾಗ ಆ ತೊಟ್ಟಿಗೂ ನೀರು ನುಗ್ಗುತ್ತದೆ. ನೀರಿನಲ್ಲಿ ಮುಳುಗಿದ ಭಾರ ಹಗುರಾಗುತ್ತದೆ, ತೂಕ ತಪ್ಪುತ್ತದೆ, ಬಾಗಿಲು ತೆರೆದು ಹೆಚ್ಚಿನ ನೀರು ಹೊರಗೆ ಹೋಗುತ್ತದೆ. ಮಟ್ಟ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕಾವಲುಗಾರ ರಾತ್ರಿ ಎದ್ದು ಓಡಬೇಕಾಗಿಲ್ಲ. ಹಳೆಯ ಕೋಡಿಗಿಂತ ಸುಮಾರು ಎಂಟು ಅಡಿ ಎತ್ತರಕ್ಕೆ ನೀರು ನಿಂತಿತು, ಸಂಗ್ರಹ ಹೆಚ್ಚುಕಡಿಮೆ ಕಾಲು ಭಾಗ ಹೆಚ್ಚಿತು. ಪ್ರೌಢಶಾಲೆಯ ವಿಜ್ಞಾನದಲ್ಲಿ ಆರ್ಕಿಮಿಡೀಸನ ತತ್ವ ಓದುವ ಮಕ್ಕಳಿಗೆ ಇದನ್ನು ಹೇಳಿ ನೋಡಿ, ಪಾಠ ಮತ್ತೆ ಮರೆಯುವುದಿಲ್ಲ. ಈ ಬಾಗಿಲಿಗೆ ಪೇಟೆಂಟ್ ಪಡೆದರೂ ಸರ್ಕಾರಿ ಕೆಲಸದಲ್ಲಿ ಕಂಡುಕೊಂಡದ್ದೆಂದು ಅದರ ಹಣವನ್ನು ಅವರು ಬೇಡವೆಂದರು. ಇಂದು ಹೊಸ ಕಟ್ಟಡಗಳಷ್ಟೇ ಅಲ್ಲ, ಹಳೆಯ ಸೇತುವೆ, ಹಳೆಯ ಕೆರೆ, ಹಳೆಯ ಅಣೆಕಟ್ಟುಗಳ ಬಲ ಪರೀಕ್ಷಿಸಿ ದುರಸ್ತಿ ಮಾಡುವುದೂ ಒಂದು ಪೂರ್ಣ ಉದ್ಯೋಗ ಎಂಬುದನ್ನು ಮರೆಯಬೇಡಿ.

ಅದೇ ಕಾಲದಲ್ಲಿ, 1899ರ ಸುಮಾರಿಗೆ, ಪುಣೆಯ ಸುತ್ತಿನ ಕಾಲುವೆಗಳ ನೀರು ಹಂಚುವ ಹೊಣೆ ಬಂತು. ನನ್ನ ಮಟ್ಟಿಗೆ ಅವರ ಬದುಕಿನ ಅತಿ ಮುಖ್ಯ ಪಾಠ ಇಲ್ಲಿದೆ, ಆದರೆ ಭಾಷಣಗಳಲ್ಲಿ ಇದು ಬರುವುದೇ ಇಲ್ಲ. ಕಾಲುವೆ ಕಟ್ಟಿ ಮುಗಿದಿದೆ. ಮೇಲಿನ ಹೊಲದವರು ಬೇಕಾದಷ್ಟು ತಿರುಗಿಸಿಕೊಳ್ಳುತ್ತಾರೆ, ಭೂಮಿ ಜೌಗಾಗುತ್ತದೆ, ಸೊಳ್ಳೆ ಹೆಚ್ಚುತ್ತದೆ. ಕೆಳಗಿನವರ ಬಾಯಿಗೆ ಮಣ್ಣು. ಅವರು ಬ್ಲಾಕ್ ಪದ್ಧತಿ ತಂದರು. ಜಮೀನನ್ನು ಬ್ಲಾಕುಗಳಾಗಿ ಗುರುತಿಸಿ, ಒಂದು ಭಾಗದಲ್ಲಿ ಮಾತ್ರ ಕಬ್ಬು, ಉಳಿದುದರಲ್ಲಿ ಕಡಿಮೆ ನೀರು ಕುಡಿಯುವ ಬೆಳೆ, ಅದೂ ಸರದಿಯಲ್ಲಿ. ರೈತರು ಮೊದಲು ಒಪ್ಪಲಿಲ್ಲ. ಅವರ ಜೊತೆ ಕುಳಿತು ಮಾತಾಡಿ ಒಪ್ಪಿಸಬೇಕಾಯಿತು. ನಮ್ಮ ಕಡೆ ಕೆರೆಗಳಿಗೆ ನೀರುಗಂಟಿ ಇದ್ದನಲ್ಲ, ಅವನ ಕೆಲಸವನ್ನೇ ನೂರಾರು ಹಳ್ಳಿಗಳ ಅಳತೆಗೆ ಹಿಗ್ಗಿಸಿದ ಹಾಗೆ. ಕಾಮಗಾರಿ ಉದ್ಘಾಟನೆಯಾದ ದಿನ ಮುಗಿಯುವುದಿಲ್ಲ. ಅದನ್ನು ನಡೆಸುವವರು, ಅಳೆಯುವವರು, ಹಂಚುವವರು, ಹೂಳು ತೆಗೆಸುವವರು ಅದಾದ ಮೇಲೂ ನೂರು ವರ್ಷ ಬೇಕು.

ಮುಂಬಯಿ ಸರ್ಕಾರದಲ್ಲಿ ಆಗ ಭಾರತೀಯನೊಬ್ಬ ಮುಖ್ಯ ಇಂಜಿನಿಯರ್ ಆಗುವ ದಾರಿ ಇರಲಿಲ್ಲ. ಅದನ್ನು ಕಂಡು ಅವಧಿಗೆ ಮುಂಚೆಯೇ ಹೊರಬಂದರು. ಅಷ್ಟರಲ್ಲಿ, 1908ರ ಸೆಪ್ಟೆಂಬರ್ 28ರಂದು, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಅವರನ್ನು ಕರೆಸಿತು. ಅವರು ಹೋಗಿ ಮೊದಲು ಗೋಡೆ ಕಟ್ಟಿಸಲಿಲ್ಲ. ನದಿಗೆ ನೀರು ಬರುವ ಸೀಮೆಯಲ್ಲಿ ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆಗಳಿವೆ, ಯಾವುವು ಒಡೆದು ಪ್ರವಾಹಕ್ಕೆ ಸೇರಿಕೊಂಡವು ಎಂಬ ಲೆಕ್ಕ ತೆಗೆಸಿದರು. ಆಮೇಲೆ ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯ ಬೇಕೆಂದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹ ತಡೆಯಲು ಹುಟ್ಟಿದ ಯೋಜನೆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟಿತು. ಸರ್ವೆ, ಮಟ್ಟ ಅಳೆಯುವುದು, ಮಣ್ಣಿನ ಪರೀಕ್ಷೆ, ಮಳೆಯ ದಾಖಲೆ ಇವೆಲ್ಲ ಈ ಮೊದಲ ಹಂತಕ್ಕೆ ಸೇರಿದವು. ಐ.ಟಿ.ಐ.ಯಲ್ಲಿ ಸರ್ವೇಯರ್ ಅಥವಾ ನಕ್ಷೆಗಾರರ ತರಬೇತಿ ಪಡೆದವರು ಕಾಲಿಡುವುದು ಇಲ್ಲಿಗೆ.

1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು, 1912ರಲ್ಲಿ ದಿವಾನರು. ಕನ್ನಂಬಾಡಿಯ ಕಥೆ ಈ ನಡುವಿನದು. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಿಂದ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಇಳಿದರೆ ವಿದ್ಯುತ್ತು ಕಡಿಮೆ. ಮೇಲೆ ಜಲಾಶಯ ಕಟ್ಟಿದರೆ ವಿದ್ಯುತ್ತಿಗೂ ಆಯಿತು, ಮಂಡ್ಯದ ಒಣನೆಲಕ್ಕೂ ಆಯಿತು ಎಂಬುದು ಲೆಕ್ಕ. ಇಷ್ಟು ಹಣ ಸುರಿಯಲು ಸಂಸ್ಥಾನದ ಅಧಿಕಾರಿಗಳು ಹಿಂಜರಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದ ಮೇಲೆ 1911ರ ನವೆಂಬರಿನಲ್ಲಿ ಕೆಲಸ ಶುರುವಾಯಿತು.

ಕೆಳಗಿನ ಮದ್ರಾಸ್ ಸರ್ಕಾರ ಒಪ್ಪಬೇಕಲ್ಲ. ಭಾರತ ಸರ್ಕಾರ ಮೊದಲು 11 ಟಿಎಂಸಿ ಸಂಗ್ರಹಕ್ಕೆ ಮಾತ್ರ ಸಮ್ಮತಿಸಿತು. ಆದರೆ ಮೈಸೂರು ಅಡಿಪಾಯವನ್ನು ಪೂರ್ಣ ಎತ್ತರಕ್ಕೇ ಹಾಕಿತು. ಮದ್ರಾಸು ಆಕ್ಷೇಪಿಸಿತು, 1914ರಲ್ಲಿ ಮಧ್ಯಸ್ಥರ ತೀರ್ಪು ಬಂತು, ಅದರ ಮೇಲೂ ಜಗಳ ನಡೆದು ಕೊನೆಗೆ 1924ರಲ್ಲಿ ಒಪ್ಪಂದವಾಯಿತು. ಆ ಒಪ್ಪಂದದಿಂದಲೇ ಮದ್ರಾಸಿಗೂ ಮೆಟ್ಟೂರು ಅಣೆಕಟ್ಟಿನ ದಾರಿ ತೆರೆಯಿತು; ಅದು 1934ರಲ್ಲಿ ಮುಗಿಯಿತು. ತಮಿಳು ಪಠ್ಯದಲ್ಲಿ ಒಂದು ಕಟ್ಟೆ, ಕನ್ನಡ ಪಠ್ಯದಲ್ಲಿ ಇನ್ನೊಂದು ಕಟ್ಟೆ ಓದಿದ ನನ್ನಂಥವರಿಗೆ ಎರಡೂ ಒಂದೇ ಕಾಗದದಿಂದ ಹುಟ್ಟಿದವು ಎಂದು ತಿಳಿದಾಗ ಬಹಳ ವಯಸ್ಸಾಗಿತ್ತು. ಮಂಜೂರಾತಿ, ಕರಾರು, ನೆರೆಯವರ ಹಕ್ಕು, ಮುಳುಗುವ ಊರುಗಳ ಪರಿಹಾರ ಇವೂ ಕಾಮಗಾರಿಯ ಹಂತಗಳೇ. ಕನ್ನಂಬಾಡಿ ಎಂಬ ಹಳ್ಳಿಯೇ ನೀರಿನಡಿ ಹೋಯಿತು. ಮನೆ ಬಿಟ್ಟು ಎದ್ದವರ ಲೆಕ್ಕವನ್ನು ಹೊಗಳಿಕೆಯ ಭರದಲ್ಲಿ ನಾವು ಹೇಳುವುದಿಲ್ಲ.

ಕಟ್ಟೆಗೆ ಸಿಮೆಂಟಿಲ್ಲ. ಸುಣ್ಣಕ್ಕೆ ಇಟ್ಟಿಗೆಯ ಪುಡಿ ಸೇರಿಸಿದ ಸುರ್ಕಿ ಗಾರೆ. 130 ಅಡಿ ಎತ್ತರ, 8,600 ಅಡಿ ಉದ್ದ. ಸಾವಿರಾರು ಕೂಲಿಗಳು ಮಲೇರಿಯಾದ ನಡುವೆ ದುಡಿದರು. ಕಲ್ಲು ಕಡಿದವರು, ಗಾರೆ ಅರೆದವರು, ಅಳತೆ ಪುಸ್ತಕ ಬರೆದವರು, ಬಿಲ್ಲು ತಾಳೆ ನೋಡಿದವರು, ತೂಬು ಕೂರಿಸಿದವರು ಯಾರ ಹೆಸರೂ ನಮಗೆ ಬಾಯಿಗೆ ಬರುವುದಿಲ್ಲ. ಖಡಕ್‌ವಾಸ್ಲಾದ ಆ ಬಾಗಿಲುಗಳು ಇಲ್ಲಿಗೂ ಬಂದವು, ಪುಣೆಯ ಬ್ಲಾಕ್ ಪದ್ಧತಿ ಮಂಡ್ಯದ ಕಾಲುವೆಗೂ ಬಂತು. ಕಟ್ಟೆ ಪೂರ್ತಿಯಾಗುವ ಹೊತ್ತಿಗೆ 1930 ದಾಟಿತ್ತು; ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಹನ್ನೆರಡು ವರ್ಷಕ್ಕೂ ಹೆಚ್ಚಾಗಿತ್ತು. ಶುರುಮಾಡಿದವರ ಕೈಯಲ್ಲೇ ಮುಗಿಯುವ ದೊಡ್ಡ ಕೆಲಸ ಕಡಿಮೆ.

ದಿವಾನಗಿರಿ ಬಿಟ್ಟದ್ದು 1918ರಲ್ಲಿ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯ ಕೂಡಲಿಲ್ಲ. ಅರ್ಹತೆಯೊಂದೇ ಸಾಕು ಎಂಬುದು ಅವರ ನಿಲುವು. ಈ ವಿಷಯದಲ್ಲಿ ಮಹಾರಾಜರೇ ದೂರ ಕಂಡವರು ಎಂದು ನಾನು ತಿಳಿದಿದ್ದೇನೆ. ತರಗತಿಯಲ್ಲಿ ಮೊದಲ ಬೆಂಚಿನ ಮಕ್ಕಳನ್ನೂ ಕೊನೆಯ ಬೆಂಚಿನ ಮಕ್ಕಳನ್ನೂ ಮೂವತ್ತು ವರ್ಷ ನೋಡಿದವನಿಗೆ ಬೇರೆ ರೀತಿ ತೋರುವುದು ಕಷ್ಟ.

ಆದರೆ ಕಲಿಕೆಯ ಬಾಗಿಲುಗಳನ್ನು ಅವರು ತೆರೆದದ್ದೂ ನಿಜ. ಅವರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು 1917ರಲ್ಲಿ ಬಂದವು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಅವರು ದಿವಾನರಾಗಿದ್ದಾಗ, 1915ರಲ್ಲಿ. ಪೋಷಕರಾದ ನಿಮಗೆ ನಾನು ವಿಶೇಷವಾಗಿ ಹೇಳಬೇಕಾದದ್ದು ಇನ್ನೊಂದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ 1929ರವರೆಗೆ ನಡೆಸಿದ್ದಕ್ಕೆ ಅವರಿಗೆ ಸಲ್ಲಬೇಕಾದ ಹಣ ಕೈಸೇರಿದಾಗ ಅದನ್ನು ಕಸುಬು ಕಲಿಸುವ ಒಂದು ಸಂಸ್ಥೆಗಾಗಿ ಕೊಟ್ಟರು. ಜಯಚಾಮರಾಜೇಂದ್ರರ ಹೆಸರಿನಲ್ಲಿ 1943ರಲ್ಲಿ ಶುರುವಾದ ಅದು ಈಗಿನ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್. ಬಿ.ಇ. ಆಗದಿದ್ದರೆ ಬದುಕೇ ಇಲ್ಲ ಎಂದು ಮಕ್ಕಳನ್ನು ಹೆದರಿಸುವ ಮನೆಗಳಲ್ಲಿ ಈ ಸಂಗತಿ ಹೇಳಬೇಕು. ಡಿಪ್ಲೊಮಾ ಮುಗಿಸಿದವರು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ.

ಅವರ ಬದುಕು ಕಾಮಗಾರಿಯ ಕ್ರಮದಲ್ಲಿ ನಡೆಯಲಿಲ್ಲ ಎಂಬುದನ್ನು ಗಮನಿಸಿದಿರಾ? ಪುಸ್ತಕದ ಕ್ರಮದಲ್ಲಿ ಮೊದಲು ಸರ್ವೆ, ಆಮೇಲೆ ನಕ್ಷೆ, ಆಮೇಲೆ ಕಟ್ಟಡ, ಕೊನೆಗೆ ನಿರ್ವಹಣೆ. ಅವರು ಕಟ್ಟುವುದರಿಂದ ಶುರುಮಾಡಿ, ನಡೆಸುವುದನ್ನು ಕಲಿತು, ಆಮೇಲೆ ಎಲ್ಲಿ ಏನನ್ನು ಕಟ್ಟಬೇಕು ಎಂದು ಹೇಳುವ ಜಾಗಕ್ಕೆ ಬಂದರು. ಹಳ್ಳದ ಮರಳು ಕುಸಿಯುವುದನ್ನು ಇಪ್ಪತ್ತಮೂರರಲ್ಲಿ ಕಂಡವರಿಗೆ ಐವತ್ತರಲ್ಲಿ ಕಾವೇರಿಯ ಅಡಿಪಾಯ ಎಷ್ಟು ಆಳ ಬೇಕೆಂದು ಬೇರೆಯವರು ಹೇಳಬೇಕಾಗಲಿಲ್ಲ. ನಿಮ್ಮ ಮಗಳು ಮಣ್ಣಿನ ಪರೀಕ್ಷಾಲಯದಿಂದ ಶುರುಮಾಡಬಹುದು, ನೆರೆಮನೆಯ ಹುಡುಗ ಅಂದಾಜುಪಟ್ಟಿ ಬರೆಯುವುದರಿಂದ ಶುರುಮಾಡಬಹುದು.

ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಎದ್ದಾಗ, 1952ರಲ್ಲಿ, ಸರ್ಕಾರ ಕೇಳಿದ್ದು ಅವರನ್ನು. ಆಗ ಅವರಿಗೆ ತೊಂಬತ್ತು ದಾಟಿತ್ತು. 1955ರಲ್ಲಿ ಭಾರತರತ್ನ ಬಂತು. ರೈಲೂ ರಸ್ತೆಯೂ ಹಾಯುವ ಆ ಸೇತುವೆ 1959ರಲ್ಲಿ ತೆರೆಯಿತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಹೊಸೂರಿನ ಕಡೆಯಿಂದಾದರೆ ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ.