ಬ್ರೌನಿಂಗ್ ಕೋವಿಗೆ ಯಾವ ಚೋಕ್?

ವರ್ಕ್‌ಶಾಪ್ ಲ್ಯಾಬಲ್ಲಿ ನಾವೆಲ್ಲ ಒಂದು ಸಲವಾದ್ರೂ ಈ ತಪ್ಪು ಮಾಡಿದ್ದೀವಿ. ನಟ್ಟು ನೋಡೋಕೆ ಸರಿಯಾಗೇ ಇರುತ್ತೆ, ಎರಡು ಸುತ್ತು ಹೋಗುತ್ತೆ, ಆಮೇಲೆ ಕಚ್ಚಿಕೊಳ್ಳುತ್ತೆ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದ್ರೆ ಥ್ರೆಡ್ಡೇ ಹೋಯ್ತು. ಲ್ಯಾಬಲ್ಲಿ ಹಾಳಾಗೋದು ಒಂದು ಬೋಲ್ಟು. ಕೋವಿಯಲ್ಲಿ ಇದೇ ತಪ್ಪಾದರೆ ನಳಿಗೆಯ ಬಾಯೇ ಸಿಡಿಯಬಹುದು. ಅದಕ್ಕೇ ಈ ಸಲ ನಾವು ಜಾನ್ ಮೋಸಸ್ ಬ್ರೌನಿಂಗ್ ಅವರ ಬದುಕನ್ನು ಆರಿಸಿಕೊಂಡಿದ್ದೇವೆ.

ಬ್ರೌನಿಂಗ್ ಹುಟ್ಟಿದ್ದು 1855ರಲ್ಲಿ, ಅಮೆರಿಕದ ಯೂಟಾದ ಆಗ್ಡೆನ್ ಊರಲ್ಲಿ. ಅಪ್ಪ ಜೊನಾಥನ್ ಅವರದು ಕೋವಿ ಮಾಡುವ ಕಸುಬು. ಹುಡುಗ ಆ ಅಂಗಡಿಯಲ್ಲೇ ಕೆಲಸ ಕಲಿತ. 1879ರಲ್ಲಿ ಮೊದಲ ಪೇಟೆಂಟ್ ಸಿಕ್ಕಿತು. 1883ರಲ್ಲಿ ವಿಂಚೆಸ್ಟರ್ ಕಂಪನಿ ಆ ರೈಫಲ್ಲಿನ ಹಕ್ಕನ್ನು ಕೊಂಡುಕೊಂಡಿತು. ಮುಂದೆ ಸುಮಾರು ಎರಡು ದಶಕ ಅವರ ವಿನ್ಯಾಸಗಳು ಒಂದರ ಹಿಂದೊಂದು ಅಲ್ಲಿಗೇ ಹೋದವು.

1898ರ ಹೊತ್ತಿಗೆ ತಾನಾಗಿಯೇ ಮುಂದಿನ ತೋಟಾ ತುಂಬಿಕೊಳ್ಳುವ ತೋಟಾಕೋವಿ ಸಿದ್ಧವಾಯಿತು. ಈ ಬಾರಿ ಒಂದೇ ಗಂಟು ಬೇಡ, ಮಾರಾಟವಾದ ಪ್ರತಿ ಕೋವಿಗೂ ರಾಯಲ್ಟಿ ಕೊಡಿ ಅಂತ ಬ್ರೌನಿಂಗ್ ಪಟ್ಟು ಹಿಡಿದರು. ವಿಂಚೆಸ್ಟರ್ ಒಪ್ಪಲಿಲ್ಲ. 1902ರ ಜನವರಿಯಲ್ಲಿ ರೆಮಿಂಗ್ಟನ್ ಕಂಪನಿಗೆ ಹೋದರೆ, ಮಾತುಕತೆಗೆ ಮುಂಚೆಯೇ ಅಲ್ಲಿನ ಮುಖ್ಯಸ್ಥ ಮಾರ್ಸೆಲಸ್ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋದರು. ಹೆರ್ಸ್ಟಾಲ್‌ನ ಎಫ್‌ಎನ್ ಕಾರ್ಖಾನೆ ಆ ಕೋವಿಯನ್ನು ಮಾಡಲು ಒಪ್ಪಿತು. ಅದೇ ಮುಂದೆ ಆಟೊ-5 ಎಂದು ಹೆಸರಾಯಿತು.

ಇಲ್ಲಿ ಚೋಕ್ ವಿಷಯಕ್ಕೆ ಬರೋಣ. ತೋಟಾದಲ್ಲಿರೋದು ಸಾಮಾನ್ಯವಾಗಿ ಒಂದು ಗುಂಡಲ್ಲ, ನೂರಾರು ಚರೆ. ನಳಿಗೆಯ ತುದಿ ಸ್ವಲ್ಪ ಕಿರಿದಾಗಿದ್ರೆ ಚರೆ ಬೇಗ ಚದುರದೆ ದೂರ ಹೋಗುತ್ತೆ. 12 ಬೋರ್ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ.; ಅತಿ ಬಿಗಿಯಾದ ಫುಲ್ ಚೋಕ್ ಅಂದ್ರೂ ಅದರಲ್ಲಿ ಕಡಿಮೆಯಾಗೋದು ಹೆಚ್ಚುಕಮ್ಮಿ 1 ಮಿ.ಮೀ. ಅಷ್ಟೆ. ಬ್ರೌನಿಂಗ್ ಕಾಲದಲ್ಲಿ ಇದನ್ನು ನಳಿಗೆಯಲ್ಲೇ ಮಾಡಿಬಿಡುತ್ತಿದ್ದರು. ಹಳೆಯ ಆಟೊ-5 ನಳಿಗೆ ಮೇಲೆ ನಕ್ಷತ್ರದ ಗುರುತು ಇರುತ್ತೆ: ಒಂದಿದ್ರೆ ಫುಲ್, ಎರಡಿದ್ರೆ ಮಾಡಿಫೈಡ್, ಮೂರಿದ್ರೆ ಸಿಲಿಂಡರ್, ಅಂದರೆ ಬಿಗಿಯೇ ಇಲ್ಲ. ನಕ್ಷತ್ರ ಹೆಚ್ಚಿದಷ್ಟೂ ಬಿಗಿ ಕಡಿಮೆ!

ತಿರುಪಿ ಕೂರಿಸುವ ಇನ್ವೆಕ್ಟರ್ ಟ್ಯೂಬುಗಳನ್ನು ಬ್ರೌನಿಂಗ್ ಕಂಪನಿ ತಂದದ್ದು 1980ರ ದಶಕದಲ್ಲಿ. ಆಮೇಲೆ ಇನ್ವೆಕ್ಟರ್ ಪ್ಲಸ್ ಬಂತು. ಎರಡರ ಹೆಸರೂ ಹತ್ತಿರ, ಕಂಪನಿಯೂ ಒಂದೇ. ಆದರೆ ಒಂದರ ಟ್ಯೂಬು ಇನ್ನೊಂದಕ್ಕೆ ಹೊಂದಲ್ಲ. ಹಾಗಾಗಿ ಕೋವಿ ಖಾಲಿಯಿದೆ ಅಂತ ಖಚಿತ ಮಾಡಿಕೊಂಡ ಮೇಲೆ ಮೊದಲು ನಳಿಗೆ ಮೇಲಿನ ಬರಹ ಓದಬೇಕು, ಆಮೇಲೆ ಬಾಯಿಯ ಒಳಗೆ ಥ್ರೆಡ್ ಇದೆಯಾ ನೋಡಬೇಕು. ನಳಿಗೆ ಬದಲಾಗಿರಬಹುದು, ಯಾರೋ ಕೊರೆಸಿರಬಹುದು. ಅನುಮಾನ ಬಂದರೆ ಗೇಜ್ ಇರುವ ಕೋವಿ ರಿಪೇರಿಯವರೇ ಅಳೆಯಬೇಕು. ಸರಿಯಾಗಿ ಕೂರದ ಟ್ಯೂಬಿನ ಅಂಚಿಗೆ ಚರೆ ಬಡಿದರೆ ಟ್ಯೂಬೂ ಹೋಗುತ್ತೆ, ನಳಿಗೆಯೂ ಹೋಗುತ್ತೆ, ಹಿಡಿದವರ ಕೈಗೂ ಅಪಾಯ.

ಬ್ರೌನಿಂಗ್ ಕೊನೆಗಾಲದಲ್ಲಿ ಒಂದರ ಮೇಲೊಂದು ನಳಿಗೆಯ ಸೂಪರ್‌ಪೋಸ್ಡ್ ಕೋವಿಯ ಮೇಲೆ ಕೆಲಸ ಮಾಡುತ್ತಿದ್ದರು. 1926ರ ನವೆಂಬರ್ 26ರಂದು ಬೆಲ್ಜಿಯಂನ ಲೀಜ್‌ನಲ್ಲಿ, ಕೆಲಸದ ಜಾಗದಲ್ಲೇ, ಹೃದಯ ನಿಂತು ತೀರಿಕೊಂಡರು. ಮಗ ವ್ಯಾಲ್ ಆ ಕೆಲಸ ಮುಂದುವರಿಸಿದರು. ಕೋವಿ 1931ರಲ್ಲಿ ಮಾರುಕಟ್ಟೆಗೆ ಬಂತು.

ಹಾಗಾದರೆ ಅವರ ಕಾಲದಲ್ಲಿ ಕಾರ್ಖಾನೆ ಬಿಟ್ಟ ಆಟೊ-5ಗೆ ಯಾವ ಟ್ಯೂಬು ಹೊಂದುತ್ತೆ? ಯಾವುದೂ ಇಲ್ಲ. ಮೇಲೆ ಬ್ರೌನಿಂಗ್ ಅಂತ ಬರೆದಿದೆ ಅಂದ ಮಾತ್ರಕ್ಕೆ ಒಳಗೆ ಥ್ರೆಡ್ ಇರಬೇಕು ಅಂತೇನಿಲ್ಲ. ನಾಳೆ ಲ್ಯಾಬಲ್ಲಿ ನಟ್ಟು ಕಚ್ಚಿಕೊಂಡರೆ ಸ್ಪ್ಯಾನರ್ ಕೆಳಗಿಡೋಣ, ಥ್ರೆಡ್ ಗೇಜ್ ತಗೊಳ್ಳೋಣ.