ಮೋಗ್ಲಿಂಗ್ ಕಟ್ಟಿದ್ದು ಪತ್ರಿಕೆ ಮಾತ್ರ ಅಲ್ಲ, ಒಂದು ಊರನ್ನೂ ಕಟ್ಟಿದರು

ಪ್ರತಿವರ್ಷ ಜುಲೈ 1 ಬಂತು ಅಂದ್ರೆ ನಮಗೆ ಹರ್ಮನ್ ಮೋಗ್ಲಿಂಗ್ ನೆನಪಾಗ್ತಾರೆ. 1843ರ ಆ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರು ಅವರು. ಪತ್ರಿಕಾ ದಿನಾಚರಣೆಯಲ್ಲಿ ಫೋಟೋಗೆ ಹಾರ ಬೀಳುತ್ತೆ, ನಾಲ್ಕು ಭಾಷಣ ಆಗುತ್ತೆ, ಮರುದಿನಕ್ಕೆ ಎಲ್ಲ ಮುಗೀತು. ಆದರೆ ಇಂಡಿಯಾದಲ್ಲಿನ ಅವರ ಕೊನೆಯ ವರ್ಷಗಳು ಕಳೆದದ್ದು ಕಡಲ ತೀರದ ಮಂಗಳೂರಿನಲ್ಲಿ ಅಲ್ಲ, ಕೊಡಗಿನ ಕಾಡಂಚಿನಲ್ಲಿ. ಅಲ್ಲಿ ಅವರು ನೆಲವೇ ಇಲ್ಲದ ಜನರಿಗೊಂದು ಊರು ಕಟ್ಟಲು ಹೊರಟಿದ್ದರು. ಆ ಕತೆಯನ್ನು ಯಾವ ವೇದಿಕೆಯೂ ಹೇಳಲ್ಲ.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ. ತ್ಯುಬಿಂಗನ್‌ನಲ್ಲಿ ದೇವತಾಶಾಸ್ತ್ರ ಓದಿ, ಬಾಸೆಲ್ ಮಿಷನ್ ಸೇರಿ, 1836ರ ಡಿಸೆಂಬರ್‌ನಲ್ಲಿ ಮಂಗಳೂರಿಗೆ ಬಂದಿಳಿದರು. ಅವರು ಬಂದದ್ದು ಶಾಂತವಾಗಿದ್ದ ಸೀಮೆಗಲ್ಲ. 1834ರಲ್ಲಿ ಕಂಪನಿ ಸರಕಾರ ಕೊಡಗಿನ ರಾಜನನ್ನು ಇಳಿಸಿ, ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತ್ತು. ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ನಗದು ಕೊಡಬೇಕಾಯಿತು. ಸಿಟ್ಟು ಹೊತ್ತಿಕೊಂಡು, 1837ರ ಏಪ್ರಿಲ್‌ನಲ್ಲಿ ರೈತರ ದಂಡು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ನುಗ್ಗಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಮುಂದೆ ಮೋಗ್ಲಿಂಗ್ ಬದುಕನ್ನು ಬದಲಿಸಿದ್ದೂ ಇದೇ ಪ್ರಶ್ನೆ: ನೆಲ ಯಾರದು, ಅದರ ಫಲ ಯಾರಿಗೆ?

ಮೊದಲಿಗೆ ಅವರು ಹಿಡಿದದ್ದು ಭಾಷೆಯನ್ನು. ಕನ್ನಡ ಕಲಿತರು, ಶಾಲೆ ನಡೆಸಿದರು, ಕಲ್ಲಚ್ಚಿನಲ್ಲಿ ಪತ್ರಿಕೆ ತಂದರು. ಆ ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡು ನಿಂತುಹೋಯಿತು. 1848ರಿಂದ 1853ರವರೆಗೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಮತ ಪ್ರಚಾರಕ್ಕೆ ಬಂದವರು ವೀರಶೈವ, ವೈಷ್ಣವ ಕೃತಿಗಳನ್ನು ತಾಳೆಗರಿಯಿಂದ ಪುಸ್ತಕಕ್ಕೆ ತಂದರು. ಪ್ರಚಾರ ಮಾಡುವುದಕ್ಕೆ ಜನರ ಮನಸ್ಸು ತಿಳಿಯಬೇಕಿತ್ತು ಅನ್ನುವುದು ನಿಜ. ಲಾಭ ಕನ್ನಡಕ್ಕಾಯಿತು ಅನ್ನುವುದೂ ನಿಜ.

1844ರಲ್ಲಿ ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ಹುಡುಗರು ಕ್ರೈಸ್ತರಾದಾಗ ಊರೇ ಕೊತಕೊತ ಕುದಿಯಿತು. ಅವರಲ್ಲೊಬ್ಬರು ಆನಂದರಾವ್ ಕೌಂಡಿನ್ಯ. ಮೋಗ್ಲಿಂಗ್ 1846ರಲ್ಲಿ ಅವರನ್ನು ಬಾಸೆಲ್‌ಗೆ ಕರೆದುಕೊಂಡು ಹೋದರು. 1851ರಲ್ಲಿ ಕೌಂಡಿನ್ಯ ಪಾದ್ರಿಯಾಗಿ ವಾಪಸ್ ಬಂದರು.

ಅದೇ ವರ್ಷಗಳಲ್ಲಿ ಭೂಗೋಳದ ಇನ್ನೊಂದು ಬದಿಯಲ್ಲೂ ಒಂದು ಧರ್ಮದ ಜನ ಊರು ಹುಡುಕುತ್ತಿದ್ದರು. 1844ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನನ್ನು ಗುಂಪೊಂದು ಜೈಲಿಗೆ ನುಗ್ಗಿ ಕೊಂದಿತು. ಬ್ರಿಗಮ್ ಯಂಗ್‌ನ ಹಿಂದೆ ಹೊರಟ ಅವನ ಅನುಯಾಯಿಗಳು 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆ ತಲುಪಿದರು. ಕಾಲುವೆ ತೋಡಿದರು, ಹೊಲ ಮಾಡಿದರು, ಊರಿನ ಮೇಲೆ ಊರು ಕಟ್ಟಿದರು. ಅಟ್ಟಾಡಿಸಿಕೊಂಡು ಬಂದವರ ಛಲ ಮೆಚ್ಚುವಂಥದ್ದೇ. ಆದರೆ ಆ ನೆಲ ಖಾಲಿ ಇರಲಿಲ್ಲ, ಅದು ಯೂಟ್, ಶೊಶೋನಿ ಮೂಲನಿವಾಸಿಗಳ ನೆಲ. ಹೊಸಬರ ಹೊಲ ಬೆಳೆದಂತೆ ಅವರ ಬೇಟೆಯ ಕಾಡು, ನೀರು ಕರಗಿತು. 1863ರಲ್ಲಿ ಬೇರ್ ನದಿಯ ದಡದಲ್ಲಿ ಸೈನ್ಯ ನೂರಾರು ಶೊಶೋನಿಗಳನ್ನು ಕೊಂದಿತು.

ಕೊಡಗಿನ ಕತೆ ಇದರ ತಲೆಕೆಳಗಿನ ರೂಪ. ಅಲ್ಲಿ ನೆಲ ಬೇಕಾಗಿದ್ದದ್ದು ಹೊರಗಿಂದ ಬಂದವರಿಗಲ್ಲ, ತಲೆಮಾರುಗಳಿಂದ ಅದೇ ನೆಲ ಉತ್ತವರಿಗೆ.

ಮೋಗ್ಲಿಂಗ್ ಕೊಡಗಿಗೆ ಹೋದದ್ದು 1853ರಲ್ಲಿ, ಆಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರ ಕರೆಯ ಮೇಲೆ. ಸೋಮಯ್ಯ ಕ್ರೈಸ್ತರಾಗಿ ಸ್ತೆಫಾನಸ್ ಅನ್ನೋ ಹೆಸರು ಪಡೆದರು. ಆದರೆ ಕೊಡವರು ಗುಂಪುಗುಂಪಾಗಿ ಬರ್ತಾರೆ ಅನ್ನುವ ನಿರೀಕ್ಷೆ ಸುಳ್ಳಾಯಿತು. ಬಂದವರು ಬೇರೆಯವರು: ಆಗಿನ ದಾಖಲೆಗಳು ಹೊಲೆಯರು ಎಂದು ಕರೆದ ದಲಿತರು. ಅವರಲ್ಲಿ ಹಲವರು ಒಡೆಯರ ಗದ್ದೆಯ ಜೊತೆಗೇ ಕೈ ಬದಲಾಗುತ್ತಿದ್ದ ಜೀತದಾಳುಗಳು. ಕಂಪನಿ ಸರಕಾರ 1843ರಲ್ಲೇ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದಿತ್ತು. ಆದರೆ ಒಡೆಯನ ಗದ್ದೆ ಬಿಟ್ಟರೆ ಎಲ್ಲಿ ಮಲಗೋದು, ಏನು ತಿನ್ನೋದು? ಕಾನೂನು ಅದನ್ನು ಹೇಳಿರಲಿಲ್ಲ.

ಮೋಗ್ಲಿಂಗ್‌ಗೆ ಅಲ್ಲಿ ಒಂದು ವಿಷಯ ಹೊಳೆಯಿತು. ಇವರಿಗೆ ಪ್ರಾರ್ಥನೆ ಕಲಿಸಿ ಅದೇ ಜೀತಕ್ಕೆ ವಾಪಸ್ ಕಳಿಸಿದರೆ ಏನೂ ಬದಲಾಗಲ್ಲ. ಸಿದ್ದಾಪುರದ ಹತ್ತಿರ ಆನಂದಪುರ ಹುಟ್ಟಿದ್ದು ಹೀಗೆ. ಮನೆ, ಪ್ರಾರ್ಥನಾಲಯ, ಬೇಸಾಯ, ಜೊತೆಗೆ ಕಾಫಿ ತೋಟ. 1854ರ ಸುಮಾರಿಗೆ ಯುರೋಪಿಯನ್ ಪ್ಲಾಂಟರ್‌ಗಳು ಕೊಡಗಿನಲ್ಲಿ ಕಾಫಿ ಶುರು ಮಾಡಿದ್ದರು. ಎಲ್ಲರಿಗೂ ಬೇಕಿದ್ದದ್ದು ಅಗ್ಗದ ಕೂಲಿಯಾಳು. ಅಂಥ ಹೊತ್ತಿನಲ್ಲಿ ಕೂಲಿಯಾಳುಗಳಿಗೇ ಊರು ಅನ್ನೋದು ಸಣ್ಣ ಮಾತಲ್ಲ.

ಹಾಗಂತ ಇದು ಸ್ವರ್ಗವೂ ಆಗಿರಲಿಲ್ಲ. ತೋಟ ಸಾಲ ತಂದಿತು. ಒಡೆಯನ ಜಾಗದಲ್ಲಿ ಪಾದ್ರಿ ಬಂದು ಕೂತರು ಅನ್ನುವ ಟೀಕೆಯನ್ನೂ ತಳ್ಳಿಹಾಕುವಂತಿಲ್ಲ: ಊರಿನಲ್ಲಿರಬೇಕು ಅಂದ್ರೆ ಊರಿನ ದೇವರನ್ನೂ ಶಿಸ್ತನ್ನೂ ಒಪ್ಪಬೇಕಿತ್ತು. 1858ರಲ್ಲಿ ತ್ಯುಬಿಂಗನ್ ವಿಶ್ವವಿದ್ಯಾಲಯ ಮೋಗ್ಲಿಂಗ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಆದರೆ ಅದು ಅವರ ಕನ್ನಡದ ಕೆಲಸಕ್ಕೆ. 1860ರಲ್ಲಿ ಹೆಂಡತಿಯ ಅನಾರೋಗ್ಯದಿಂದಾಗಿ ಜರ್ಮನಿಗೆ ಹೊರಟವರು ಮತ್ತೆ ಬರಲಿಲ್ಲ. ಆನಂದಪುರದ ಹೊಣೆ ಮುಂದೆ ಕೌಂಡಿನ್ಯರ ಹೆಗಲೇರಿತು. ಮೋಗ್ಲಿಂಗ್ 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಊರು ಮಾತ್ರ ಇವತ್ತಿಗೂ ಇದೆ.

ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ತಿರುಗಿ ನೋಡಿ. 1974ರ ಭೂಸುಧಾರಣೆ ಇಲ್ಲಿನ ಸಾವಿರಾರು ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಅದು ದೊಡ್ಡ ಬದಲಾವಣೆಯೇ. ಆದರೆ ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿಗೆ ದುಡಿದ ದಲಿತರ ಕೈಗೆ ಹೆಚ್ಚೇನೂ ಬರಲಿಲ್ಲ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದೇ ಕಾಯ್ದಿಟ್ಟ ಡಿ.ಸಿ. ಮನ್ನಾ ಭೂಮಿಯನ್ನಾದರೂ ಹಂಚಿ ಅಂತ ದಕ್ಷಿಣ ಕನ್ನಡದ ದಲಿತ ಸಂಘಟನೆಗಳು ಈಗಲೂ ಕೇಳುತ್ತಲೇ ಇವೆ.

ಮತಾಂತರ ಅಂದ ಕೂಡಲೇ ನಾವು ಆಮಿಷದ ಬಗ್ಗೆ ಜಗಳ ಆಡ್ತೀವಿ. 2022ರಲ್ಲಿ ಅದಕ್ಕೊಂದು ಕಾನೂನನ್ನೂ ಮಾಡಿಕೊಂಡೆವು. ಆನಂದಪುರಕ್ಕೆ ಹೋದವರಿಗೆ ಆಮಿಷ ಇತ್ತಾ? ಇತ್ತು ಅಂತಲೇ ಇಟ್ಕೊಳ್ಳೋಣ: ಒಂದು ಮನೆ, ಒಂದು ತುಂಡು ನೆಲ, ಯಾರಿಗೂ ಸೇರದ ಮೈ. ಇಷ್ಟನ್ನು ಹುಟ್ಟಿದ ಊರೇ ಕೊಟ್ಟಿದ್ದರೆ ದೂರದ ಪಾದ್ರಿಯೊಬ್ಬರು ಸಾಲ ಮಾಡಿ ಊರು ಕಟ್ಟುವ ಅಗತ್ಯವೇ ಬರುತ್ತಿರಲಿಲ್ಲ. ಮುಂದಿನ ಜುಲೈ 1ಕ್ಕೆ ಫೋಟೋಗೆ ಹಾರ ಹಾಕುವವರು ಈ ಮಾತನ್ನೂ ಒಮ್ಮೆ ಎತ್ತಲಿ.